ನಿಮಗಿದು ಗೊತ್ತೆ? ಜೆರ್ಸಿಗೂ ಉಂಟು ನಿವೃತ್ತಿ!

• ನಮ್ಮ ಆರ್‌ಸಿಬಿ ತಂಡಕ್ಕೆ ತನ್ನದೇ ‘ಹಾಲ್ ಆಫ್ ಫೇಮ್’ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಇದೆ. 2022ರ ಮೇ ತಿಂಗಳಲ್ಲಿ ಅದಕ್ಕೆ ಮೊದಲು ಸೇರಿದವರು ಎ.ಬಿ. ಡಿವಿಲಿಯರ್ಸ್ ಮತ್ತು ಕ್ರಿಸ್ ಗೇಲ್.

• ಮರುವರ್ಷ ಇವರಿಬ್ಬರ ಜೆರ್ಸಿ ಸಂಖ್ಯೆಗಳಾದ 17 ಮತ್ತು 333ಕ್ಕೆ ತಂಡ ನಿವೃತ್ತಿ ಘೋಷಿಸಿತು. ಬೇರೆ ಆಟಗಾರರಿಗೆ ಅವನ್ನು ಕೊಡುವುದಿಲ್ಲ ಎಂಬುದು ಇದರ ಅರ್ಥ.

• 2010ರ ಗಾಲೆ ಟೆಸ್ಟ್‌ನಲ್ಲಿ ಶ್ರೀಲಂಕಾ ವಿರುದ್ಧ ಗೇಲ್ ಗಳಿಸಿದ ರನ್ ಕೂಡ 333!

• 2024ರಲ್ಲಿ ‘ಹಾಲ್ ಆಫ್ ಫೇಮ್’ ಗೌರವ ದಾವಣಗೆರೆಯ ವೇಗಿ ಆರ್. ವಿನಯ್ ಕುಮಾರ್ ಅವರಿಗೆ ಸಂದಿತು. ಪಟ್ಟಿ ಸೇರಿದ ಮೊದಲ ಕನ್ನಡಿಗ ಇವರೇ.

• ಅಮೆರಿಕದ ಬೇಸ್‌ಬಾಲ್‌ನಲ್ಲಿ ತಂಡಗಳ ‘ಹಾಲ್ ಆಫ್ ಫೇಮ್’ ರೂಢಿ ಹಳೆಯದು. ಸಿನ್ಸಿನಾಟಿ ರೆಡ್ಸ್ ತಂಡ 1958ರಲ್ಲೇ ಇಂಥ ಪಟ್ಟಿ ಆರಂಭಿಸಿತು. 2004ರಲ್ಲಿ ಅದಕ್ಕಾಗಿ ಕ್ರೀಡಾಂಗಣದ ಪಕ್ಕದಲ್ಲೇ ಮ್ಯೂಸಿಯಂ ತೆರೆಯಿತು.