ಕಡಲಿಲ್ಲದ ಊರಿನಲ್ಲಿ ರಜೆ

ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲ ರಜೆಗೆ ಎಲ್ಲಿಗೆ? ಟಿ.ವಿ. ಮತ್ತು ಮೊಬೈಲ್ ನೋಡಿ ಬೆಳೆಯುವ ಮಕ್ಕಳಿಗೆ ರಜೆ ಎಂದರೆ ಗೋವಾ. ಮರಳು, ಅಲೆ, ಬಣ್ಣದ ಕೊಡೆ, ನೀರಿನ ಮೇಲೆ ಜಾರುವ ಸ್ಕೂಟರ್. ಕರಾವಳಿಯ ಸಹೋದರಿಯರಿಗೆ ಮಲ್ಪೆಯೋ ಪಣಂಬೂರೋ ಒಂದು ಸಂಜೆಯ ಮಾತು. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿರುವ ನಮಗೆ ಹಾಗಲ್ಲ. ರಾತ್ರಿಯಿಡೀ ಪ್ರಯಾಣ, ಲಾಡ್ಜಿನ ಬಾಡಿಗೆ, ಐದಾರು ಮಂದಿಯ ಊಟದ ಖರ್ಚು. ಕೆಲವು ಮನೆಗಳಲ್ಲಿ ಇದಕ್ಕೆಂದೇ ಸಾಲವನ್ನೂ ಮಾಡುತ್ತಾರೆ.

ಅಷ್ಟು ಖರ್ಚು ಮಾಡಿ ಹೋದ ಮೇಲೆ ಮನೆಯ ತಾಯಿ ಅಲ್ಲಿ ಏನು ಮಾಡುತ್ತಾಳೆ? ಮಕ್ಕಳು ನೀರಿಗೆ ಓಡುತ್ತಾರೆ, ಗಂಡಸರು ಹಿಂದೆಯೇ ಹೋಗುತ್ತಾರೆ. ಚಪ್ಪಲಿ, ಚೀಲ, ತಿಂಡಿಯ ಡಬ್ಬಿ ಕಾಯುತ್ತಾ ಅವಳು ಮರಳಿನಲ್ಲಿ ಕುಳಿತಿರುತ್ತಾಳೆ. ಊರಿಗೆ ಮರಳಿದ ಮೇಲೆ ಮರಳು ತುಂಬಿದ ಬಟ್ಟೆಗಳ ರಾಶಿಯೂ ಅವಳ ಪಾಲಿಗೇ. ಇದನ್ನು ಅವಳ ರಜೆ ಎಂದು ಹೇಗೆ ಕರೆಯುವುದು?

ಪ್ರವಾದಿ ಮುಹಮ್ಮದ್(ಸ) ಒಂದು ಪ್ರಯಾಣದಲ್ಲಿ ಜೊತೆಯವರನ್ನು ಮುಂದೆ ಕಳುಹಿಸಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದರೆಂದು ಹದೀಸಿನಲ್ಲಿದೆ. ಅಂದು ಗೆದ್ದವರು ಆಯಿಶಾ. ಮನೆಯಾಕೆಯ ಮನೋರಂಜನೆಗೂ ಪ್ರಯಾಣದಲ್ಲಿ ಜಾಗವಿರಬೇಕೆಂಬುದನ್ನು ನಮ್ಮ ಗಂಡಸರಿಗೆ ನೆನಪಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಈ ವರ್ಷ ಕಡಲನ್ನು ಬಿಟ್ಟು ನಮ್ಮ ಜಿಲ್ಲೆಯಲ್ಲೇ ರಜೆ ಕಳೆದರೆ ಹೇಗೆ? 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಭಾಲ್ಕಿಯ ಖಾಲಾ, ಔರಾದ್‌ನ ನಾನಿ, ಬೀದರ್‌ನ ಸೊಸೆ ಎಲ್ಲರೂ ಗುರುತಿನ ಚೀಟಿ ಹಿಡಿದು ಹೊರಟರೆ ಬಸ್ಸಿನ ಖರ್ಚು ಗಂಡಸರದಷ್ಟೇ.

ಯಾವಾಗ ಹೋಗಬೇಕೆಂಬುದನ್ನು ಮೊದಲು ನಿರ್ಧರಿಸಿ. ಬೀದರ್ ಸಮುದ್ರ ಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದ್ದರೂ ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಕೋಟೆಯ ಕಲ್ಲು ಹೆಂಚಿನಂತೆ ಕಾಯುತ್ತದೆ. ಬೇಸಿಗೆಯಲ್ಲೇ ಹೋಗುವುದಾದರೆ ಫಜ್ರ್ ಮುಗಿಸಿ ಹೊರಟು ಹತ್ತು ಗಂಟೆಯೊಳಗೆ ಮರಳಿ. ದಸರಾ ರಜೆ ಎಲ್ಲಕ್ಕಿಂತ ಉತ್ತಮ. ಮಳೆ ನಿಂತಿರುತ್ತದೆ, ನೆಲ ಹಸಿರಾಗಿರುತ್ತದೆ, ದಾರಿಯುದ್ದಕ್ಕೂ ಸೀತಾಫಲದ ಬುಟ್ಟಿಗಳಿರುತ್ತವೆ.

ಬೀದರ್ ಕೋಟೆಗೆ ಮಕ್ಕಳನ್ನು ಕರೆದೊಯ್ದು ಫೋಟೋ ತೆಗೆಸಿ ಬರುವವರೇ ಹೆಚ್ಚು. ಅರ್ಧ ದಿನವಾದರೂ ಅಲ್ಲಿ ಕಳೆಯಬೇಕು. ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕವನ್ನು ಮಕ್ಕಳು ತಾವೇ ಎಣಿಸಲಿ. ಸೋಲಾ ಖಂಬ ಮಸೀದಿಗೆ ಆ ಹೆಸರು ಬಂದುದು ಅದರ ಹದಿನಾರು ಕಂಬಗಳಿಂದ. ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಬೇಡ, ಅದು ಮಸೀದಿ ಎಂದು ಮೊದಲೇ ಹೇಳಿರಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲಿನ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ ನೋಡಿ. ನೀರಿನ ಬಾಟಲಿ ಮರೆಯಬೇಡಿ. ಶೌಚಾಲಯದ ಅಗತ್ಯವನ್ನು ಒಳಹೋಗುವ ಮೊದಲೇ ಮುಗಿಸಿಕೊಳ್ಳಿ. ಇದನ್ನು ಯಾವ ಪ್ರವಾಸಿ ಪುಸ್ತಕವೂ ಬರೆಯುವುದಿಲ್ಲ, ಆದರೆ ಹೆಂಗಸರ ಪ್ರವಾಸ ಹಾಳಾಗುವುದು ಬಹಳ ಸಲ ಇದರಿಂದಲೇ.

ಹಳೆಯ ಊರಿನೊಳಗೆ ಮಹಮೂದ್ ಗವಾನ್ ಮದ್ರಸವಿದೆ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ವಜೀರನಾದ ಗವಾನ್ ಇದನ್ನು 1472ರಲ್ಲಿ ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ, ಸುಮಾರು ಮೂರು ಸಾವಿರ ಗ್ರಂಥಗಳ ಪುಸ್ತಕಾಲಯ, ದೂರದೇಶಗಳಿಂದ ಬಂದ ವಿದ್ವಾಂಸರು. 1481ರಲ್ಲಿ ವಿರೋಧಿಗಳು ಅವನ ಮೊಹರು ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು. ವಿಚಾರಿಸದೆ ನಂಬಿದ ಸುಲ್ತಾನ ಆ ವೃದ್ಧ ವಜೀರನನ್ನು ಕೊಲ್ಲಿಸಿದ. ಫಾರ್ವರ್ಡ್ ಆಗಿ ಬಂದುದನ್ನೆಲ್ಲ ನಂಬುವ ಈ ಕಾಲದ ಮಕ್ಕಳಿಗೆ ಈ ಕತೆಯನ್ನು ಆ ಗೋಡೆಯ ನೆರಳಲ್ಲೇ ಕೂತು ಹೇಳಬೇಕು. 1696ರ ಸ್ಫೋಟದಲ್ಲಿ ಮುಂಭಾಗದ ಒಂದು ಮಿನಾರ್ ಬಿದ್ದುಹೋಯಿತು. ಉಳಿದ ಮಿನಾರಿನಲ್ಲಿ ನೀಲಿ ಹೆಂಚುಗಳ ಅಂದ ಇನ್ನೂ ಕಾಣುತ್ತದೆ.

ಅಲ್ಲಿಂದ ಚೌಬಾರಾ ದಾಟಿ ಬಿದರಿ ಕೆಲಸದವರ ಅಂಗಡಿಗಳತ್ತ ಹೋಗಿ. ಸತು ಮತ್ತು ತಾಮ್ರದ ಎರಕದ ಮೇಲೆ ಹೂಬಳ್ಳಿ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕುದಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಗೋವಾದಲ್ಲಿ ಒಂದು ರಾತ್ರಿಗೆ ಕೊಡುವ ಹಣದಲ್ಲಿ ಇಲ್ಲಿ ಮಗಳ ಮದುವೆಗೆ ಒಂದು ಸಣ್ಣ ಬಿದರಿ ಡಬ್ಬಿ ಕೊಂಡರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಸಂಜೆಗೆ ಬರೀದ್‌ಶಾಹಿ ಉದ್ಯಾನ. ಹುಲ್ಲಿನ ಮೇಲೆ ಚಾಪೆ ಹಾಸಿ ಹೆಂಗಸರು ನಿಶ್ಚಿಂತೆಯಿಂದ ಮಾತಾಡಬಹುದು. ಆದರೆ ಒಂದು ಷರತ್ತು: ಅಂದು ಮಗುವನ್ನು ಎತ್ತಿಕೊಳ್ಳುವುದು, ಚೀಲ ಕಾಯುವುದು, ಚಹಾ ತರುವುದು ಗಂಡಸರ ಸರದಿ. ಬೆಳಗಿನ ಖಿಚಡಿ-ಖಟ್ಟಾ ಕೂಡ ಹೋಟೆಲಿನಿಂದಲೇ ಬರಲಿ.

ಮರುದಿನ ಅಷ್ಟೂರಿಗೆ ಹೋದರೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಸಿಡಿಲಿಗೆ ಸೀಳಿದ ಹುಮಾಯೂನ್ ಷಾನ ಗುಮ್ಮಟ ಅರ್ಧ ಮಾತ್ರ ನಿಂತಿದೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವನ್ನು ನೋಡುವಂತೆ ಕುರ್‌ಆನ್ ಹೇಳುವುದು ಅಲ್ಲಿ ನಿಂತಾಗ ತಾನಾಗಿ ನೆನಪಾಗುತ್ತದೆ.

ನೀರು ಬೇಕೇ ಬೇಕೆನ್ನುವ ಮಕ್ಕಳಿಗೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ. ಬೀದರ್‌ನಿಂದ ಭಾಲ್ಕಿಗೆ ರೈಲಿನಲ್ಲಿ ಹೋದರೆ ಚಿಕ್ಕವರಿಗೆ ಅದೇ ಒಂದು ಹಬ್ಬ. ಆದರೆ ನೀರನ್ನು ದಡದಿಂದಲೇ ನೋಡಿ. ನಾವು ಒಳನಾಡಿನವರು, ನಮ್ಮಲ್ಲಿ ಈಜು ಬಲ್ಲ ಹೆಂಗಸರು ತೀರಾ ಕಡಿಮೆ. ಸೀರೆ, ಬುರ್ಖಾ, ಸಲ್ವಾರ್ ನೆನೆದರೆ ಕಾಲಿಗೆ ಸುತ್ತಿಕೊಂಡು ಕೆಳಗೆಳೆಯುತ್ತವೆ. ಒಂದು ಮಗು ಜಾರಿದರೆ ತಾಯಿಯೂ ಹಿಂದೆಯೇ ಇಳಿಯುತ್ತಾಳೆ. ಇಳಿಯುವ ಬದಲು ದುಪಟ್ಟಾ, ಹಗ್ಗ, ಖಾಲಿ ಕೊಡ ಏನಾದರೂ ಎಸೆದು ಕೂಗಬೇಕು. ಇದನ್ನು ಮನೆಯಲ್ಲೇ ಎಲ್ಲರಿಗೂ ಹೇಳಿಕೊಟ್ಟು ಹೊರಡಿ. ಕಡಲಿಗೆ ಹೋಗುವವರಿಗೂ ಇದೇ ಮಾತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡ ನಾಲ್ವರು ಬಾಲಕಿಯರು ಕೋಲಾರ ಜಿಲ್ಲೆಯ ಮುಳಬಾಗಿಲಿನ ವಸತಿ ಶಾಲೆಯವರು, ನಮ್ಮ ಮಕ್ಕಳಂತೆಯೇ ಕಡಲಿಲ್ಲದ ಊರಿನವರು. ಕೆಂಪು ಬಾವುಟವಿದ್ದ ಕಡೆ, ಜೀವರಕ್ಷಕರು ಬೇಡವೆಂದ ಕಡೆ ಮೊಣಕಾಲಿನಷ್ಟು ನೀರೂ ಬೇಡ.

ಔರಾದ್‌ನಲ್ಲಿ ನೋಡಲೇನಿದೆ ಎನ್ನುವವರಿದ್ದಾರೆ. ಟಿಕೆಟ್ಟು ಕೊಟ್ಟು ನೋಡುವಂಥದು ಹೆಚ್ಚಿಲ್ಲ ನಿಜ. ಬೆಳಗ್ಗೆ ಅಥವಾ ಅಸರ್ ನಂತರ ಹೊಲಗಳ ಅಂಚಿನಲ್ಲಿ ನಿಂತರೆ ಕೃಷ್ಣಮೃಗಗಳ ಹಿಂಡು ಕಾಣಸಿಗುತ್ತದೆ. ಅಟ್ಟಿಸಿಕೊಂಡು ಹೋಗಬಾರದು, ದೂರದಿಂದಲೇ ನೋಡಬೇಕು. ಮೈಮೇಲೆ ಕಪ್ಪು-ಬಿಳಿ ಮಚ್ಚೆಯ ದೇವಣಿ ದನಗಳನ್ನು ಪೇಟೆಯ ಮಕ್ಕಳು ಮುಟ್ಟಿ ನೋಡಲಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುವ ಆ ಗಡಿಯ ಹಳ್ಳಿಗಳಲ್ಲಿ ನಾನಿಯ ಮನೆಯಿದ್ದರೆ ಎರಡು ದಿನ ಉಳಿಯಿರಿ. ರಾತ್ರಿ ಹಾಸಿಗೆಯನ್ನು ಅಂಗಳಕ್ಕೆ ತಂದು ಹಳೆಯ ಮಾತುಗಳನ್ನು ಕೇಳಿರಿ. ಜೋಳದ ರೊಟ್ಟಿ ತಟ್ಟಲು ನಾನಿಯೊಬ್ಬರನ್ನೇ ಬಿಡದೆ ಗಂಡುಮಕ್ಕಳನ್ನೂ ಒಲೆಯ ಮುಂದೆ ಕೂರಿಸಿ. ಮೊದಲ ರೊಟ್ಟಿ ಹರಿಯುತ್ತದೆ, ಎಲ್ಲರೂ ನಗುತ್ತಾರೆ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಆದ್ದರಿಂದ ಮರಳುವ ಬಸ್ಸಿನ ಸಮಯವನ್ನು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ.