ಕಿಲುಬು ಎಲ್ಲಿಂದ ಬಂತು?

ಅಜ್ಜ ಕೂಡಿಟ್ಟ ನಾಣ್ಯಗಳು ಬಹುಕಾಲ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಕಾಲೇಜಿನ ದಿನಗಳಲ್ಲಿ ನಾನು ಅವುಗಳಲ್ಲಿ ಕೆಲವಕ್ಕೆ ಬಡ್ತಿ ಕೊಟ್ಟೆ. ಮೆತ್ತನೆಯ ಪಾರದರ್ಶಕ ಜೇಬುಗಳಿದ್ದ ಪ್ಲಾಸ್ಟಿಕ್ ಆಲ್ಬಂ ತಂದು, ಒಂದೊಂದನ್ನೂ ಒಂದೊಂದು ಜೇಬಿಗೆ ಇಳಿಸಿ, ಬೀರುವಿನೊಳಗಿಟ್ಟು ಮರೆತೆ. ಕರಾವಳಿಯ ಹತ್ತು ಮಳೆಗಾಲ ಕಳೆದ ಮೇಲೆ ತೆರೆದರೆ 1943ರ ತೂತಿನ ಕಾಸು ಜೇಬಿಗೆ ಅಂಟಿಕೊಂಡು ಕೂತಿತ್ತು. ಬಿಡಿಸಿ ನೋಡಿದೆ: ತೂತಿನ ಸುತ್ತ ಹಸಿರು ಲೋಳೆ, ಬೆರಳಿಗೆ ಜಿಗುಟು, ಮೂಗಿಗೆ ಹೊಸ ರೇನ್‌ಕೋಟಿನ ವಾಸನೆ. ಡಬ್ಬಿಯಲ್ಲೇ ಉಳಿದಿದ್ದ ಅದರ ಜೊತೆಯ ಕಾಸುಗಳು ಕಂದಾಗಿದ್ದವು, ಅಷ್ಟೇ.

ಜೋಪಾನ ಮಾಡಿದ್ದು ಕೆಟ್ಟಿತ್ತು, ಅಸಡ್ಡೆ ಮಾಡಿದ್ದು ಉಳಿದಿತ್ತು. ಏಕೆಂದರೆ ನಾಣ್ಯವನ್ನು ಇಡುವ ಚೀಲವೋ ಪೆಟ್ಟಿಗೆಯೋ ಸುಮ್ಮನೆ ಕೂರುವುದಿಲ್ಲ. ಅದೂ ಒಂದು ರಾಸಾಯನಿಕ ವಸ್ತು. ನಿಧಾನವಾಗಿ ಏನನ್ನಾದರೂ ಬಿಡುತ್ತಲೇ ಇರುತ್ತದೆ.

ಆ ಜೇಬುಗಳು ಪಿವಿಸಿಯವು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಸ್ವಭಾವತಃ ಅದು ಗಡುಸು; ನೀರಿನ ಪೈಪುಗಳನ್ನು ನೋಡಿದರೆ ಗೊತ್ತಾಗುತ್ತದೆ. ಆಲ್ಬಮ್ಮಿನ ಹಾಳೆಯಂತೆ ಬಳುಕಬೇಕಾದರೆ ಅದಕ್ಕೆ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸಬೇಕು. ವರ್ಷಗಳು ಕಳೆದಂತೆ ಆ ಎಣ್ಣೆ ಹೊರಗೆ ಜಿನುಗುತ್ತದೆ. ನನ್ನ ಬೆರಳಿಗೆ ಅಂಟಿದ್ದು ಅದೇ. ಶಾಖ, ಬೆಳಕುಗಳಿಗೆ ಪಿವಿಸಿ ಸವೆಯುತ್ತ ಹೈಡ್ರೋಜನ್ ಕ್ಲೋರೈಡನ್ನೂ ಬಿಡುತ್ತದೆ. ತೇವ ಸೇರಿದರೆ ಅದು ಆಮ್ಲ. ಕಂಚಿನಲ್ಲಿರುವ ತಾಮ್ರವನ್ನು ಅದು ತಿಂದಾಗ ಹುಟ್ಟುವುದೇ ಹಸಿರು ಕಿಲುಬು.

ನಿಮ್ಮ ಆಲ್ಬಂ ಯಾವ ಜಾತಿಯದು ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಫ್ರೆಡ್ರಿಕ್ ಬೈಲ್‌ಸ್ಟೈನ್ ಎಂಬ ರಸಾಯನವಿಜ್ಞಾನಿ 1872ರಲ್ಲಿ ಹೇಳಿಕೊಟ್ಟದ್ದು. ತಾಮ್ರದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ. ಅದನ್ನು ಆಲ್ಬಮ್ಮಿನ ಖಾಲಿ ಅಂಚಿಗೆ ಮುಟ್ಟಿಸಿ, ಕರಗಿ ಅಂಟಿದ ಚೂರಿನೊಂದಿಗೆ ಮತ್ತೆ ಉರಿಗೆ ಒಡ್ಡಿ. ನೀಲಿ ಜ್ವಾಲೆ ಫಕ್ಕನೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ ಎಂದರ್ಥ. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ, ಸಾಸಿವೆ ಕಾಳಿನಷ್ಟು ಚೂರು ಸಾಕು. ಕಾಸಿನ ಮೇಲಿನ ಹಸಿರಿಗೂ ಒಲೆಯ ಮೇಲಿನ ಹಸಿರಿಗೂ ಮೂಲ ಒಂದೇ, ತಾಮ್ರ ಮತ್ತು ಕ್ಲೋರಿನ್ನಿನ ಕೂಟ. ಜೇಬಿನಲ್ಲಿ ಹತ್ತು ವರ್ಷ ನಡೆದದ್ದು ಇಲ್ಲಿ ಕ್ಷಣದಲ್ಲಿ ಕಾಣುತ್ತದೆ.

ಕಿಲುಬಿನಲ್ಲೂ ಎರಡು ಬಗೆ. ಗಟ್ಟಿಯಾಗಿ, ನುಣುಪಾಗಿ ಹಬ್ಬಿದ ಪದರ ಒಳಗಿನ ಲೋಹಕ್ಕೆ ಕವಚವಾಗುತ್ತದೆ, ಅದನ್ನು ಮುಟ್ಟಬೇಡಿ. ತಿಳಿಹಸಿರು ಪುಡಿಯಾಗಿ ಉದುರುವುದು ಮಾತ್ರ ರೋಗ. ಅಲ್ಲಿ ಕ್ಲೋರೈಡ್ ಖರ್ಚಾಗುವುದೇ ಇಲ್ಲ. ತೇವ ಮತ್ತು ಗಾಳಿ ಸಿಕ್ಕಾಗಲೆಲ್ಲ ಆಮ್ಲವಾಗಿ ಇನ್ನಷ್ಟು ತಾಮ್ರವನ್ನು ಕರಗಿಸಿ, ಮತ್ತೆ ಕೆಲಸಕ್ಕೆ ಹಾಜರಾಗುತ್ತದೆ. ಅಂಥ ನಾಣ್ಯವನ್ನು ಬೇರೆ ಇಟ್ಟು, ಒಣಗಿದ ಸ್ಥಿತಿಯಲ್ಲೇ ಉಳಿಸಬೇಕು.

ಬೆಳ್ಳಿಯ ಶತ್ರು ಗಂಧಕ. ರಾಣಿ ರೂಪಾಯಿಗಳನ್ನು ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಬಿಗಿಯುವ ಅಭ್ಯಾಸ ಹಲವರಿಗಿದೆ. ರಬ್ಬರನ್ನು ಗಟ್ಟಿ ಮಾಡಲು ಬೆರೆಸುವುದೇ ಗಂಧಕ. ಬ್ಯಾಂಡ್ ತಾಗಿದಲ್ಲಿ ಕಪ್ಪು ಗೆರೆ ಮೂಡುತ್ತದೆ. ಉಣ್ಣೆಯ ಬಟ್ಟೆಯಲ್ಲೂ ಗಂಧಕವಿದೆ. ಎಲ್ಲ ರೂಪಾಯಿಯೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ವಿಕ್ಟೋರಿಯಾ ಕಾಲದ ರೂಪಾಯಿಯಲ್ಲಿ ಬೆಳ್ಳಿ ಶೇ. 91.7ರಷ್ಟಿತ್ತು, 1940ರ ನಂತರ ಅದು ಅರ್ಧಕ್ಕಿಳಿದು, ಉಳಿದದ್ದರಲ್ಲಿ ಬಹುಪಾಲು ತಾಮ್ರವಾಯಿತು. ಆದ್ದರಿಂದ ಯುದ್ಧಕಾಲದ ರೂಪಾಯಿಗೆ ಕಪ್ಪಿನ ಜೊತೆ ಕಿಲುಬಿನ ಭಯವೂ ಇದೆ.

ಸೀಸಕ್ಕೆ ಮರವೇ ವೈರಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಂಥ ಶಾತವಾಹನರ ಕಾಲದ ಸೀಸದ ನಾಣ್ಯಗಳನ್ನು ಮರದ ಖಾನೆಯಲ್ಲಿಟ್ಟರೆ, ಮರ ಹೊರಬಿಡುವ ಅಸಿಟಿಕ್ ಆಮ್ಲದ ಆವಿಗೆ ಅವು ಬಿಳಿ ಪುಡಿಯಾಗತೊಡಗುತ್ತವೆ. ಹಿಂದೆ ಯುರೋಪಿನಲ್ಲಿ ವಿನೆಗರ್ ಕುಡಿಕೆಗಳ ಮೇಲೆ ಸೀಸದ ತಗಡು ಇಟ್ಟು ಬಿಳಿ ಬಣ್ಣವನ್ನು ತಯಾರಿಸುತ್ತಿದ್ದುದು ಹೀಗೆಯೇ. ಪ್ಲೈವುಡ್ಡಿನ ಚಂದದ ಪೆಟ್ಟಿಗೆಗಿಂತ ಉಕ್ಕಿನ ಬೀರು ವಾಸಿ.

ಹಾಗಾದರೆ ಯಾವುದರಲ್ಲಿ ಇಡಬೇಕು? ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್: ಈ ಮೂರರಲ್ಲೂ ಕ್ಲೋರಿನ್ ಇಲ್ಲ, ಜಿನುಗುವ ಎಣ್ಣೆಯೂ ಇಲ್ಲ. ಕಿಸೆಗೆ ಹಗುರವಾದದ್ದು ಪಾಲಿಯೆಸ್ಟರ್ ಕಿಟಕಿಯಿರುವ ಚೌಕ ರಟ್ಟು. ನಾಣ್ಯವನ್ನು ನಡುವೆ ಇಟ್ಟು ಮಡಚಿ ಪಿನ್ ಹೊಡೆಯಬೇಕು. ಪಿನ್ನಿನ ಮೊನೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡದಿದ್ದರೆ ಅದು ಪಕ್ಕದ ನಾಣ್ಯವನ್ನು ಗೀರುತ್ತದೆ. ಹೆಚ್ಚು ಬೆಲೆಯದ್ದಕ್ಕೆ ಅಳತೆಗೆ ಸರಿಯಾದ ಗಟ್ಟಿ ಅಕ್ರಿಲಿಕ್ ಡಬ್ಬಿ. ಚಿನ್ನದ ವರಹಕ್ಕೆ ತುಕ್ಕಿಲ್ಲ, ಆದರೆ ಅದು ಮೃದು. ಅದಕ್ಕೆ ಬೇಕಾದದ್ದು ಅಲುಗಾಡದ ಜಾಗ. ಅಲ್ಯೂಮಿನಿಯಮ್ಮಿನ ಎರಡು ಪೈಸೆ, ಮೂರು ಪೈಸೆಗಳನ್ನು ತಾಮ್ರದ ಕಾಸುಗಳೊಂದಿಗೆ ಒಟ್ಟಿಗೆ ಸುರಿಯಬೇಡಿ. ತೇವದಲ್ಲಿ ಎರಡು ಲೋಹಗಳು ತಾಗಿದರೆ ಪುಟ್ಟ ಬ್ಯಾಟರಿಯಾಗಿ, ಅಲ್ಯೂಮಿನಿಯಂ ಸವೆಯುತ್ತದೆ.

ಇಷ್ಟೆಲ್ಲ ಕಿಡಿಗೇಡಿತನಕ್ಕೂ ತೇವವೇ ದಲ್ಲಾಳಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50ರ ಕೆಳಗಿದ್ದರೆ ನಾಣ್ಯಗಳಿಗೆ ನೆಮ್ಮದಿ. ಮಳೆಗಾಲದ ಕರಾವಳಿಯಲ್ಲಿ ಅದು 90ರ ಆಸುಪಾಸು. ರಟ್ಟುಗಳನ್ನೆಲ್ಲ ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಹಾಕಿ. ಹೊಸ ಶೂ ಡಬ್ಬಿಯಲ್ಲಿ ಸಿಗುವ ಪೊಟ್ಟಣದೊಳಗಿರುವುದು ಸಾಮಾನ್ಯವಾಗಿ ಅದೇ. ಬಣ್ಣ ಬದಲಿಸುವ ಹರಳುಗಳಾದರೆ ಯಾವಾಗ ತಣಿದಿವೆ ಎಂದು ತಾವೇ ಹೇಳುತ್ತವೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.

ಹುಣಸೆಹುಳಿ ಹಚ್ಚಿ ಫಳಫಳ ಮಾಡುವ ಆಸೆಯನ್ನು ಮಾತ್ರ ಬಿಡಿ. ಹುಳಿ ಕಿಲುಬಿನೊಂದಿಗೆ ಮೇಲ್ಪದರವನ್ನೂ ಕೊಂಡೊಯ್ಯುತ್ತದೆ. ಜೊತೆಗೆ ಉಜ್ಜಿದರೆ ಅಕ್ಷರಗಳೂ ಸವೆಯುತ್ತವೆ. ನನ್ನ ತೂತಿನ ಕಾಸನ್ನು ಉರಿಯಿಂದ ದೂರ, ಗಾಳಿಯಾಡುವ ಕಡೆ, ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನಿನಲ್ಲಿ ಮುಳುಗಿಸಿಟ್ಟೆ. ಉಜ್ಜಲಿಲ್ಲ. ಲೋಳೆ ಹೋಯಿತು, ಆಮ್ಲ ಕೊರೆದ ಸಣ್ಣ ಗುಳಿಗಳು ಉಳಿದವು. ಅವು ಇನ್ನು ಹೋಗುವುದಿಲ್ಲ.

ಕಾಸು ಈಗ ರಟ್ಟಿನ ಕಿಟಕಿಯಲ್ಲಿದೆ. ಆಲ್ಬಮ್ಮನ್ನೂ ಎಸೆದಿಲ್ಲ. ರಜೆಗೆ ಮಕ್ಕಳು ಬಂದಾಗ ಅದರ ಅಂಚಿಗೆ ಕಾದ ತಂತಿ ಮುಟ್ಟಿಸಿ, ಉರಿ ಹಸಿರಾಗುವುದನ್ನು ತೋರಿಸಿ, ಆಮೇಲೆ ಗುಳಿಬಿದ್ದ ಕಾಸನ್ನು ಅವರ ಕೈಗೆ ಕೊಡುತ್ತೇನೆ. ಅಂಚಿನಲ್ಲಿ ಹಿಡಿಯಿರಿ ಎಂದು ಹೇಳಿಯೇ.