ವೈದ್ಯಗ್ರಂಥಗಳಲ್ಲಿ ಪದಮೈತ್ರಿ

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಕಾರಣಗಳನ್ನು ತಾರ್ಕಿಕರು ಹೇಳಿರುವರು. ಬೆಂಕಿಯಿಂದ ನೆನೆಯಿಸುವನೆಂಬ ವಾಕ್ಯಕ್ಕೆ ಯೋಗ್ಯತೆಯಿಲ್ಲ. ಆದರೆ ಶಾಸ್ತ್ರಲೇಖನಕ್ಕೆ ಇಷ್ಟೇ ಸಾಲದು, ರೂಢಿಯೂ ಬೇಕು. ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ‘ಸರ್ಜರಿ’ಗೆ ‘ಪರ್ಫಾರ್ಮ್’ ಎಂಬ ಕ್ರಿಯಾಪದವೂ ‘ಡಯಾಗ್ನೋಸಿಸ್’ಗೆ ‘ಮೇಕ್’ ಎಂಬುದೂ ಜೊತೆಯಾಗುವುವು. ಇವನ್ನು ಅದಲುಬದಲು ಮಾಡಿದರೆ ಅರ್ಥವು ಹೊಳೆದರೂ ರೂಢಿಯು ಒಪ್ಪದು. ಇಂತಹ ಪದಮೈತ್ರಿಯನ್ನು ಜೆ. ಆರ್. ಫರ್ತ್ ಎಂಬ ಆಂಗ್ಲ ಭಾಷಾಶಾಸ್ತ್ರಜ್ಞನು 1951ರಲ್ಲಿ ‘ಕೊಲೊಕೇಶನ್’ ಎಂಬ ಹೆಸರಿನಿಂದ ವಿಚಾರಿಸಿದನು.

ಕನ್ನಡದಲ್ಲಿಯೂ ಈ ಮೈತ್ರಿಯುಂಟು. ಸುಳ್ಯದ ಕಡೆಯ ಕನ್ನಡದಲ್ಲಿ ಕಷಾಯವನ್ನು ಕುಡಿಯುವರು, ಗುಳಿಗೆಯನ್ನು ನುಂಗುವರು, ಎಣ್ಣೆಯನ್ನು ಹಚ್ಚುವರು; ಜ್ವರವು ಬಿಡುವುದು, ಗಾಯವು ಮಾಯುವುದು, ವಿಷವು ಇಳಿಯುವುದು. ಇಂಗ್ಲಿಷಿನ ‘ಟೇಕ್’ ಎಂಬುದನ್ನು ಅನುಸರಿಸಿ ‘ಮದ್ದನ್ನು ತೆಗೆದುಕೊಳ್ಳಿರಿ’ ಎಂದು ಬರೆದರೆ, ಕೊಂಡುಕೊಳ್ಳುವುದೋ ಸೇವಿಸುವುದೋ ಎಂಬ ಸಂದೇಹಕ್ಕೆ ಎಡೆಯುಂಟು. ಕುಡಿಯತಕ್ಕುದೋ ಹಚ್ಚತಕ್ಕುದೋ ಎಂಬುದೂ ತಿಳಿಯದು. ಕಾವ್ಯದಲ್ಲಿ ಇಂತಹ ಸಂದೇಹವು ರಸಕ್ಕೆ ಮಾತ್ರ ಹಾನಿ. ವೈದ್ಯದಲ್ಲಿ ಪ್ರಾಣಕ್ಕೇ ಹಾನಿ.

ಆದಕಾರಣ ಪಾರಿಭಾಷಿಕ ಕೋಶಗಳನ್ನು ರಚಿಸುವವರು ನಾಮಪದವೊಂದನ್ನೇ ಕೊಟ್ಟು ನಿಲ್ಲಿಸದೆ, ಅದಕ್ಕೆ ಸಲ್ಲುವ ಕ್ರಿಯಾಪದವನ್ನೂ ಜನರ ಬಾಯಿಂದ ಸಂಗ್ರಹಿಸಿ ಜೊತೆಯಲ್ಲಿಯೇ ಕೊಡುವುದು ಯುಕ್ತವು.